ತೋಟದ ಮನೆಗೆ ಎಷ್ಟು ದೊಡ್ಡ ಒಲೆ? ಎಂಟು ತಪ್ಪು ಕಲ್ಪನೆ, ಎಂಟು ವಾಸ್ತವ

ದಾವಣಗೆರೆ ಬಳಿಯ ಕುಕ್ಕುವಾಡ ಕಡೆ ತೋಟದ ಮನೆ ಕಟ್ಟಿಸುವವರು ಗಾರೆ ಮೇಸ್ತ್ರಿಗೆ ಹೇಳುವ ಕೆಲಸಗಳಲ್ಲಿ ಈಗೀಗ ಇನ್ನೊಂದು ಸೇರಿಕೊಳ್ಳುತ್ತಿದೆ. ಹಿತ್ತಲಲ್ಲೋ ಅಂಗಳದ ಮೂಲೆಯಲ್ಲೋ ಒಂದು ಕಟ್ಟೆ, ಮೇಲೆ ತಗಡಿನ ಶೀಟು, ಅದರಡಿ ಒಲೆ, ಪಕ್ಕದಲ್ಲಿ ಕೆಂಡದ ಮೇಲೆ ಸುಡಲು ಜಾಲರಿ. ಪೇಟೆಯವರು ಇದನ್ನೇ ಔಟ್‌ಡೋರ್ ಕಿಚನ್ ಅನ್ನುತ್ತಾರೆ, ಜಾಲರಿಗೆ ಗ್ರಿಲ್ ಅನ್ನುತ್ತಾರೆ. ಭದ್ರಾ ನಾಲೆಯ ನೀರು ಕಂಡ ಈ ಸೀಮೆಯಲ್ಲಿ ಭತ್ತ, ಕಬ್ಬು, ಅಡಿಕೆ ಬೆಳೆಯುತ್ತವೆ, ಸ್ವಲ್ಪ ಆಚೆ ಹೋದರೆ ಮೆಕ್ಕೆಜೋಳದ ಹೊಲಗಳು. ಉರುವಲಿಗೂ ಜಾಗಕ್ಕೂ ಇಲ್ಲಿ ಅಂಥ ಕೊರತೆಯಿಲ್ಲ. ಎಡವಟ್ಟಾಗುವುದು ಅಳತೆಯಲ್ಲಿ. ಕಟ್ಟಿಸಿ ಆರು ತಿಂಗಳಿಗೆ ಒಲೆಯ ಮೇಲೆ ಗೊಬ್ಬರದ ಚೀಲ ಕೂತಿದ್ದರೆ ಅಲ್ಲಿ ಒಲೆ ಕೆಟ್ಟಿದೆ ಎಂದಲ್ಲ, ಅದು ಆ ಮನೆಗೆ ದೊಡ್ಡದಾಗಿದೆ ಎಂದು ತಿಳಿಯಬಹುದು. ಹಾಗಾಗದಿರಲು ಜನ ಸಾಮಾನ್ಯವಾಗಿ ನಂಬಿರುವ ಎಂಟು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: "ದೊಡ್ದೇ ಇರ್ಲಿ ಬಿಡ್ರಿ, ಜಾತ್ರೀಗಾದ್ರೂ ಬೇಕಾಗ್ತೈತಿ."

ವಾಸ್ತವ: ಜಾತ್ರೆಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಆಗ ಬೀಗರು, ಸ್ನೇಹಿತರು, ಸ್ನೇಹಿತರ ಸ್ನೇಹಿತರೂ ಊಟಕ್ಕೆ ಬರುತ್ತಾರೆ. ಮನೆಯ ಮುಂದೆ ಶಾಮಿಯಾನ ಏಳುತ್ತದೆ, ಹಂಡೆಗಟ್ಟಲೆ ಸಾರು ಕುದಿಯುತ್ತದೆ. ಆ ಎರಡು ದಿನಕ್ಕೆಂದು ಒಲೆ ಕಟ್ಟಿಸಿದರೆ ಉಳಿದ ಏಳುನೂರು ಚಿಲ್ಲರೆ ದಿನ ಐದಾರು ಜನರ ಅಡುಗೆಯನ್ನು ಅದೇ ಒಲೆಯ ಮೇಲೆ ಮಾಡಬೇಕಾಗುತ್ತದೆ. ಹಂಡೆ, ಕೊಪ್ಪರಿಗೆ, ದೊಡ್ಡ ಗ್ಯಾಸ್ ಭಟ್ಟಿ ಎಲ್ಲವೂ ಶಾಮಿಯಾನದ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಅಡುಗೆಗೆ ಕರೆಸುವ ಭಟ್ಟರೂ ತಮ್ಮ ಕೈಗೆ ಒಗ್ಗಿದ ಸಾಮಾನನ್ನೇ ಕೇಳುತ್ತಾರೆ. ಹಾಗಾಗಿ ಜಾತ್ರೆಗೆ ಬೇಕಾದದ್ದು ಒಲೆಯ ಪಕ್ಕದಲ್ಲಿ ಎಂಟು ಹತ್ತು ಅಡಿಯ ಗಟ್ಟಿ ನೆಲ ಮತ್ತು ಒಂದು ನಲ್ಲಿ. ಒಲೆಯ ಅಳತೆಯನ್ನು ಸಾಮಾನ್ಯ ಭಾನುವಾರದ ಊಟ ನೋಡಿ ನಿರ್ಧರಿಸಿ.

ತಪ್ಪು ಕಲ್ಪನೆ 2: ತಲೆ ಎಣಿಸಿದರೆ ಸಾಕು, ಗ್ರಿಲ್ಲಿನ ಅಳತೆ ಸಿಗುತ್ತದೆ.

ವಾಸ್ತವ: ತಲೆಯ ಜೊತೆ ಇನ್ನೆರಡು ಸಂಗತಿ ಎಣಿಸಬೇಕು. ಒಮ್ಮೆಗೆ ಎಷ್ಟು ಹಿಡಿಸುತ್ತದೆ, ಒಂದು ಸುತ್ತು ಬೇಯಲು ಎಷ್ಟು ಹೊತ್ತು. ಬೆಣ್ಣೆ ದೋಸೆಯ ಹೋಟೆಲಿನ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಸೌದೆ ಒಲೆಯ ಮೇಲೆ ಕಪ್ಪು ಕಾವಲಿ, ಅದರ ಮೇಲೆ ಸಾಲಾಗಿ ದೋಸೆ. ಹಿಟ್ಟು ಹುಯ್ಯುವ ಕೈ ಕೊನೆಯ ದೋಸೆಗೆ ಬರುವಷ್ಟರಲ್ಲಿ ಮೊದಲನೆಯದರ ಅಂಚು ಕೆಂಪಾಗಿರುತ್ತದೆ, ಬೆಣ್ಣೆ ಬೀಳುತ್ತದೆ, ತಟ್ಟೆಗೆ ಹೋಗುತ್ತದೆ. ಎಂಟು ದೋಸೆ ಹಿಡಿಸುವ ಕಾವಲಿಯಲ್ಲಿ ಒಂದು ಸುತ್ತಿಗೆ ಮೂರು ನಿಮಿಷ ಹಿಡಿದರೆ ಗಂಟೆಗೆ 160 ದೋಸೆ. ಹೊರಗೆ ನೂರು ಜನ ನಿಂತಿದ್ದಾರೆಂದು ನೂರು ದೋಸೆಯ ಕಾವಲಿ ಯಾರೂ ಮಾಡಿಸುವುದಿಲ್ಲ.

ಕೆಂಡದ ಅಡುಗೆಯಲ್ಲಿ ಸುತ್ತು ಉದ್ದ. ಕೋಳಿಯ ಕಾಲಿನ ತುಂಡಿಗೆ ಅರ್ಧ ಗಂಟೆ ಬೇಕು. ಹಸಿ ಮೆಕ್ಕೆಜೋಳದ ತೆನೆಗೆ ಹತ್ತು ಹದಿನೈದು ನಿಮಿಷ, ಸುಟ್ಟ ಬದನೆಕಾಯಿಗೆ ಇಪ್ಪತ್ತು. ಕೋಳಿ ಹೆಚ್ಚಾಗಿ ಮಾಡುವ ಮನೆಗೆ ಸ್ವಲ್ಪ ಅಗಲ ಬೇಕು, ತೆನೆ, ಬದನೆಕಾಯಿ, ಪನ್ನೀರು ಸುಡುವ ಮನೆಗೆ ಸಣ್ಣದೇ ಸಾಕು. ಅದೂ ಅಲ್ಲದೆ ತೋಟದಲ್ಲಿ ಎಲ್ಲರೂ ಒಟ್ಟಿಗೆ ಪಂಕ್ತಿ ಹಾಕಿ ಕೂರುವುದು ಕಡಿಮೆ. ಮಕ್ಕಳು ಮೊದಲು, ದೊಡ್ಡವರು ಮಾತು ಮುಗಿದ ಮೇಲೆ. ಎರಡು ಸುತ್ತಿನಲ್ಲಿ ಬೇಯಿಸಿದರೆ ಎಲ್ಲರಿಗೂ ಬಿಸಿಯಾದದ್ದೇ ಸಿಗುತ್ತದೆ.

ತಪ್ಪು ಕಲ್ಪನೆ 3: ಎರಡು ಅಡಿಗೆ ಒಂದೂವರೆ ಅಡಿ ಅಂದರೆ ಅಷ್ಟೂ ಅಡುಗೆ ಜಾಗವೇ.

ವಾಸ್ತವ: ಅಂಗಡಿಯವರು ಹೇಳುವುದು ಹೆಚ್ಚಿನ ಸಲ ಹೊರಗಿನ ಅಳತೆ. ಪಕ್ಕದ ಹಲಗೆ, ಮೇಲಿನ ಬಿಸಿ ಇಡುವ ತಟ್ಟೆ ಎಲ್ಲವೂ ಅದರೊಳಗೆ ಸೇರಿರಬಹುದು. ಟೇಪು ಹಿಡಿದು ಒಳಗಿನ ಜಾಲರಿಯನ್ನೇ ಅಳೆಯಿರಿ. 24 ಇಂಚಿಗೆ 18 ಇಂಚು ಅಂದರೆ 432 ಚದರ ಇಂಚು. ಅಂಚಿನ ಎರಡೆರಡು ಇಂಚಿನಲ್ಲಿ ಕಾವು ಸರಿಯಾಗಿ ಏರುವುದಿಲ್ಲ, ಅದನ್ನು ಬಿಟ್ಟರೆ ಉಳಿಯುವುದು 20ಕ್ಕೆ 14, ಅಂದರೆ 280.

ಇದರಲ್ಲೂ ಮೂರನೇ ಒಂದು ಪಾಲನ್ನು ಕೆಂಡವಿಲ್ಲದೆ ಖಾಲಿ ಬಿಡಬೇಕು. ಅನುಭವ ಇಲ್ಲದವರು ಜಾಲರಿಯಡಿ ಪೂರ್ತಿ ಕೆಂಡ ಹರಡುತ್ತಾರೆ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದಾಗ ತುಂಡನ್ನು ಎತ್ತಿಡಲು ಜಾಗವೇ ಇರುವುದಿಲ್ಲ, ಹೊರಗೆ ಕರಿಕಲು, ಒಳಗೆ ಹಸಿ. ಒಂದು ಬದಿ ಕೆಂಡ, ಇನ್ನೊಂದು ಬದಿ ಖಾಲಿ ಇದ್ದರೆ ಮೊದಲು ಕೆಂಪಗೆ ಮಾಡಿಕೊಂಡು ಆಮೇಲೆ ಆಚೆ ಸರಿಸಿ ನಿಧಾನಕ್ಕೆ ಬೇಯಿಸಬಹುದು. ಹೀಗೆ ಕಳೆದರೆ ನಿಜವಾದ ಅಡುಗೆ ಜಾಗ ಸುಮಾರು 187 ಚದರ ಇಂಚು. ಅಂಗೈ ಅಗಲದ ತುಂಡಿಗೆ ಸಂದು ಸೇರಿ 16 ಚದರ ಇಂಚು ಹಿಡಿದರೆ ಒಮ್ಮೆಗೆ ಹನ್ನೊಂದು ಹನ್ನೆರಡು ತುಂಡು. ಐದಾರು ಜನರ ಮನೆಗೆ ಇದು ಧಾರಾಳ, ಎಂಟು ಹತ್ತು ಜನ ಬಂದರೆ ಎರಡು ಸುತ್ತು.

ಅದೇ 36ಕ್ಕೆ 24 ಇಂಚಿನದು ತಂದರೆ ಒಮ್ಮೆಗೆ ಇಪ್ಪತ್ತಾರು ತುಂಡು ಹಿಡಿಸುತ್ತದೆ. ಆದರೆ ಎರಡು ಇಂಚು ದಪ್ಪ ಇದ್ದಿಲು ಹಾಸಲು ಸಣ್ಣದಕ್ಕೆ ಎರಡು, ಎರಡೂಕಾಲು ಕೆ.ಜಿ. ಸಾಕಾದರೆ ಇದಕ್ಕೆ ನಾಲ್ಕೂವರೆ ಕೆ.ಜಿ. ಬೇಕು. ಸುಡುವುದು ನಾಲ್ಕೇ ತೆನೆಯಾದರೂ ದೊಡ್ಡದರ ಗೋಡೆ, ಜಾಲರಿ ಎಲ್ಲವೂ ಮೊದಲು ಕಾಯಬೇಕು.

ತಪ್ಪು ಕಲ್ಪನೆ 4: ಒಲೆ ದೊಡ್ಡದಾದಷ್ಟೂ ಅಡುಗೆ ಬೇಗ.

ವಾಸ್ತವ: ಬೆಂಕಿ ದೊಡ್ಡದಾಗುತ್ತದೆ ನಿಜ, ಅದರ ಕಾವು ಪಾತ್ರೆಗೆ ತಲುಪಬೇಕಲ್ಲ. ಒಲೆಬಾಯಿ ಪಾತ್ರೆಗಿಂತ ಅಗಲವಾದರೆ ಉರಿ ಪಾತ್ರೆಯ ಪಕ್ಕದಿಂದ ಹಾದು ಗಾಳಿಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತು ಪಾಲಿನಲ್ಲಿ ಪಾತ್ರೆಗೆ ಸೇರುವುದು ಒಂದು, ಒಂದೂವರೆ ಪಾಲು ಅಷ್ಟೇ.

ಇದನ್ನು ಕೂತು ಅಳೆದು ನೋಡಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಗುರಿ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿಂದ ಹೊರಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆಗೆ ಮೂರು ಬಾಯಿ, ಕಟ್ಟಿಗೆಯ ಅಡಿಯಲ್ಲಿ ಗಾಳಿಯಾಡುವ ಸರಳು, ಕಟ್ಟಿಗೆ ಹಾಕುವ ಬಾಯಿಗೆ ಮುಚ್ಚಳ, ಹೊಗೆಗೆ ಕೊಳವೆ. ಪ್ರಯೋಗಾಲಯದಲ್ಲಿ ಅದರ ಶಾಖದ ಬಳಕೆ ಶೇ 40ರ ಆಸುಪಾಸಿಗೆ ಏರಿತ್ತು. ಬೆಂಕಿಯ ಗೂಡು ದೊಡ್ಡದು ಮಾಡಿ ಗಳಿಸಿದ ಲಾಭ ಇದಲ್ಲ. ಬಿಸಿ ಗಾಳಿ ಪಾತ್ರೆಯನ್ನು ಸವರಿಕೊಂಡೇ ಮುಂದೆ ಹೋಗುವಂತೆ ಬಾಯಿಯನ್ನೂ ದಾರಿಯನ್ನೂ ಇಂಚು ಇಂಚಾಗಿ ಅಳೆದು ಕಟ್ಟಿದ್ದರ ಫಲ. ಹಾಗಾಗಿ ಅದರ ಮಿತಿಯೂ ಅಳತೆಯಲ್ಲೇ ಇತ್ತು. ಬಾಯಿಗೆ ಹೊಂದದ ಪಾತ್ರೆ ಇಟ್ಟರೆ ಸಂದಿನಲ್ಲಿ ಹೊಗೆ, ಲಾಭ ಸೋರಿಹೋಗುತ್ತಿತ್ತು.

ನಮ್ಮ ಅಜ್ಜಿಯರ ಕೋಡೊಲೆಯಲ್ಲೂ ಈ ಬುದ್ಧಿ ಇತ್ತು. ಮುಂದಿನ ಒಲೆಯಲ್ಲಿ ಅನ್ನ, ಅದರಿಂದ ಹಾದು ಬಂದ ಕಾವಿಗೆ ಪಕ್ಕದ ಕೋಡಿನಲ್ಲಿ ಸಾರು ಬಿಸಿ. ಹಿತ್ತಲಲ್ಲಿ ಒಲೆ ಕಟ್ಟಿಸುವವರು ಒಂದೇ ದೊಡ್ಡ ಬಾಯಿಯ ಬದಲು ಮಧ್ಯಮ ಗಾತ್ರದ ಒಂದು, ಸಣ್ಣ ಕೋಡು ಒಂದು ಮಾಡಿಸಿದರೆ ಮನೆಯ ಮುಕ್ಕಾಲು ಅಡುಗೆ ಮುಗಿಯುತ್ತದೆ. ಮೇಸ್ತ್ರಿ ಬರುವ ದಿನ ನೀವು ನಿಜವಾಗಿ ಬಳಸುವ ಪಾತ್ರೆಯನ್ನು ಅವರ ಮುಂದೆ ತಂದಿಡಿ, ಬಾಯಿಯನ್ನು ಅದಕ್ಕೆ ಅಳೆದೇ ಕಟ್ಟಲಿ.

ಜೋಳದ ರೊಟ್ಟಿ ಮಾಡುವ ಮನೆಯಲ್ಲಿ ಇನ್ನೊಂದು ಅಳತೆಯೂ ಉಂಟು. ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಸವರಿ, ತಿರುವಿ, ಕೊನೆಗೆ ಒಲೆಬಾಯಿಯ ಕೆಂಡಕ್ಕೆ ಆನಿಸಿದರೆ ಅದು ಉಬ್ಬುತ್ತದೆ. ಒಲೆಬಾಯಿ ಆರು ಇಂಚಿನದಾದರೆ ರೊಟ್ಟಿ ಆನಿಸಲು ಆಗುವುದಿಲ್ಲ. ಒಂಬತ್ತು ಹತ್ತು ಇಂಚು ಇರಬೇಕು, ಬಾಯಿಯ ಮುಂದೆ ಕೆಂಡ ಎಳೆದುಕೊಳ್ಳಲು ಒಂದು ಗೇಣು ಜಾಗವೂ ಬೇಕು.

ದೊಡ್ಡ ಪಾತ್ರೆಯ ವಿಷಯದಲ್ಲೂ ಒಂದು ಲೆಕ್ಕ ನೆನಪಿರಲಿ. ಅದೇ ಆಕಾರದ ಪಾತ್ರೆಯ ಅಗಲ, ಎತ್ತರ ಎರಡು ಪಟ್ಟಾದರೆ ಅದರಲ್ಲಿ ಹಿಡಿಸುವ ಸಾರು ಎಂಟು ಪಟ್ಟು, ಬೆಂಕಿ ತಾಗುವ ತಳ ನಾಲ್ಕೇ ಪಟ್ಟು. ಹಂಡೆ ಕುದಿ ಬರಲು ಅಷ್ಟು ಹೊತ್ತು ತೆಗೆದುಕೊಳ್ಳುವುದು ಇದಕ್ಕೇ. ಇಪ್ಪತ್ತು ಜನರ ಅಡುಗೆಯನ್ನು ಎರಡು ಮಧ್ಯಮ ಪಾತ್ರೆಗಳಲ್ಲಿ ಹಂಚಿದರೆ ಬೇಗ ಮುಗಿಯುತ್ತದೆ, ತಳವೂ ಹಿಡಿಯುವುದಿಲ್ಲ.

ತಪ್ಪು ಕಲ್ಪನೆ 5: ಉರುವಲು ತೋಟದಲ್ಲೇ ಬಿದ್ದಿದೆ, ಒಲೆ ಯಾವ ಅಳತೆಯದಾದರೇನು?

ವಾಸ್ತವ: ಒಲೆಯ ಆಳ ಎಷ್ಟಿರಬೇಕೆಂದು ಹೇಳುವುದೇ ಉರುವಲು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಹತ್ತಿಕಟ್ಟಿಗೆ, ಅಡಿಕೆ ಸಿಪ್ಪೆ ಇವೆಲ್ಲ ಹಗುರ. ಭರ್ರನೆ ಹತ್ತಿಕೊಂಡು ಅಷ್ಟೇ ಬೇಗ ಬೂದಿಯಾಗುತ್ತವೆ. ಇವಕ್ಕೆ ಆಳವಾದ ಗೂಡು ಬೇಕು, ಮತ್ತೆ ಮತ್ತೆ ಒಡ್ಡಲು ಆಳೂ ಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಒಬ್ಬರು ಕಾದ ಮರಳಿಗೆ ಅಕ್ಕಿ ಹಾಕಿ ಜರಡಿ ಹಿಡಿಯುತ್ತಿದ್ದರೆ ಉರಿ ನೋಡಿಕೊಳ್ಳುವುದೇ ಇನ್ನೊಬ್ಬರ ಕೆಲಸವಾಗಿರುತ್ತದೆ. ಉರಿ ಒಂದು ಗಳಿಗೆ ತಗ್ಗಿದರೂ ಅಕ್ಕಿ ಅರಳುವುದಿಲ್ಲ. ಭಾನುವಾರ ನೆಂಟರ ಜೊತೆ ಕೂತು ಹರಟೆ ಹೊಡೆಯಬೇಕೆಂದು ಗ್ರಿಲ್ ಮಾಡಿಸಿದವರಿಗೆ ಆ ಚಾಕರಿ ಬೇಡ.

ಅವರಿಗೆ ಕೆಂಡ ನಿಲ್ಲುವ ಉರುವಲು ಬೇಕು. ಜಾಲಿ ಕಟ್ಟಿಗೆಯ ಕೆಂಡ ಗಟ್ಟಿ, ಹೊತ್ತು ನಿಲ್ಲುತ್ತದೆ. ಬಳ್ಳಾರಿ ಜಾಲಿಯ ಇದ್ದಿಲು ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆ. ತೆಂಗಿನ ಚಿಪ್ಪು ಜೋರಾಗಿ ಕಾಯುತ್ತದೆ, ಬೇಗ ಇಳಿಯುತ್ತದೆ, ಆದ್ದರಿಂದ ಅದನ್ನು ಇದ್ದಿಲಿನ ಜೊತೆ ಬೆರೆಸುವುದು ಜಾಣತನ. ಇದ್ದಿಲು ಬಳಸುವ ಗ್ರಿಲ್ಲಿಗೆ ಗೂಡು ಆಳ ಬೇಡ. ಕೆಂಡದ ಮೇಲ್ಮೈಗೂ ಜಾಲರಿಗೂ ನಾಲ್ಕರಿಂದ ಆರು ಇಂಚು ಅಂತರ ಇದ್ದರೆ ಸರಿ. ಸೌದೆ ಸುಟ್ಟು ಕೆಂಡ ಮಾಡಿಕೊಳ್ಳುವವರು ಜಾಲರಿಯ ಪಕ್ಕದಲ್ಲಿ ಬೇರೆಯದೇ ಸಣ್ಣ ಗೂಡು ಇಟ್ಟುಕೊಳ್ಳಲಿ. ಅಲ್ಲಿ ಕೆಂಡವಾದದ್ದನ್ನು ಸಲಿಕೆಯಲ್ಲಿ ಇತ್ತ ಎಳೆದರಾಯಿತು. ಹಳೆ ಪ್ಲೈವುಡ್, ಬಣ್ಣ ಬಳಿದ ಹಲಗೆ, ಟಯರು ಯಾವ ಅಳತೆಯ ಒಲೆಗೂ ಸಲ್ಲ. ಅವುಗಳ ಹೊಗೆ ನೇರ ಊಟಕ್ಕೇ ಬರುತ್ತದೆ.

ತಪ್ಪು ಕಲ್ಪನೆ 6: ಗ್ಯಾಸ್ ಗ್ರಿಲ್ ಆದರೆ ಬರ್ನರ್ ಹೆಚ್ಚಿದ್ದಷ್ಟೂ ಒಳ್ಳೆಯದು.

ವಾಸ್ತವ: ಬರ್ನರ್ ಎಣಿಸುವ ಮೊದಲು ಸಿಲಿಂಡರ್ ನೋಡಿ. ಮೂರು ಕಿಲೋವ್ಯಾಟಿನ ಮೂರು ಬರ್ನರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು 700 ಗ್ರಾಂ ಅನಿಲ ಖರ್ಚು. ಮನೆಯ 14.2 ಕೆ.ಜಿ. ಸಿಲಿಂಡರ್ ಇಪ್ಪತ್ತು ಗಂಟೆಗೆ ಖಾಲಿ. ಆರು ಬರ್ನರ್ ಆದರೆ ಹತ್ತೇ ಗಂಟೆ. ಅದಕ್ಕಿಂತ ಮುಂಚೆಯೇ ಇನ್ನೊಂದು ತೊಡಕು ಬರುತ್ತದೆ. ಸಿಲಿಂಡರಿನ ಒಳಗಿರುವುದು ದ್ರವ. ಅದು ಅನಿಲವಾಗಲು ತನ್ನ ಸುತ್ತಲಿನ ಬಿಸಿಯನ್ನೇ ಹೀರುತ್ತದೆ. ಒಂದೇ ಸಿಲಿಂಡರಿನಿಂದ ಸಿಕ್ಕಾಪಟ್ಟೆ ಎಳೆದರೆ ಅದರ ಹೊರಮೈ ತಣ್ಣಗಾಗಿ ಬೆವರುತ್ತದೆ, ಕೆಲವೊಮ್ಮೆ ಮಂಜು ಕಟ್ಟುತ್ತದೆ, ಒತ್ತಡ ಕುಸಿದು ಎಲ್ಲ ಬರ್ನರುಗಳ ಉರಿಯೂ ಸಣ್ಣಗಾಗುತ್ತದೆ. ಸಿಲಿಂಡರ್ ಅರ್ಧ ಖಾಲಿಯಾಗಿದ್ದು, ಮಾಗಿಯ ಬೆಳಗಿನ ಚಳಿಯೂ ಇದ್ದರೆ ಇದು ಇನ್ನೂ ಬೇಗ. ಇಂಥ ಹೊತ್ತಿನಲ್ಲಿ ಸಿಲಿಂಡರಿಗೆ ಬಿಸಿನೀರು ಹುಯ್ಯುವ, ಒಲೆಯ ಹತ್ತಿರ ಎಳೆಯುವ ಸಾಹಸ ಖಂಡಿತ ಬೇಡ.

ಮನೆಗೆ ಎರಡು ಅಥವಾ ಮೂರು ಬರ್ನರ್ ಸಾಕು. ಪ್ರತಿಯೊಂದಕ್ಕೂ ಬೇರೆ ಬೇರೆ ತಿರುಗಣೆ ಇರಲಿ, ಒಂದನ್ನು ಆರಿಸಿ ಆ ಬದಿಯನ್ನು ಖಾಲಿ ಜಾಗವಾಗಿ ಬಳಸಬಹುದು. ಗ್ರಿಲ್ಲಿಗೆ ಗಟ್ಟಿ ಮುಚ್ಚಳ ಇದೆಯೇ ನೋಡಿ. ಬಯಲು ಗಾಳಿಯಲ್ಲಿ ಮುಚ್ಚಳವಿಲ್ಲದ ನಾಲ್ಕು ಬರ್ನರಿಗಿಂತ ಮುಚ್ಚಳವಿರುವ ಎರಡು ಬರ್ನರ್ ಮೇಲು. ತೋಟದಲ್ಲಿ ಊಟ, ವಸತಿ ಎಂದು ದುಡ್ಡು ತೆಗೆದುಕೊಳ್ಳುವ ವ್ಯವಹಾರ ನಡೆಸುವವರು ಮನೆಬಳಕೆಯ ಸಿಲಿಂಡರ್ ಮುಟ್ಟುವಂತಿಲ್ಲ, ಅವರು ತರಬೇಕಾದದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್.

ತಪ್ಪು ಕಲ್ಪನೆ 7: ಅಗಲ ಇದ್ದರಾಯಿತು, ಜಾಲರಿ ಯಾವುದಾದರೂ ನಡೆಯುತ್ತದೆ.

ವಾಸ್ತವ: ಕೋಳಿ ಗೂಡಿಗೆ ಹಾಕುವ ಬಿಳಿ ಜಾಲರಿಯನ್ನು ಕತ್ತರಿಸಿ ಕೆಂಡದ ಮೇಲೆ ಇಡುವವರಿದ್ದಾರೆ. ಅದರ ಮೇಲಿನ ಬಿಳುಪು ಸತುವಿನ ಲೇಪನ. ಸತು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಚೆನ್ನಾಗಿ ಕಾದ ಕೆಂಡ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಅಡುಗೆಗೆ ಅದು ಬೇಡವೇ ಬೇಡ. ದಾವಣಗೆರೆ, ಹರಿಹರದ ವೆಲ್ಡಿಂಗ್ ಅಂಗಡಿಗಳಲ್ಲಿ ಲೇಪನವಿಲ್ಲದ ಕಬ್ಬಿಣದ ಸರಳೋ ಸ್ಟೀಲಿನ ಸರಳೋ ಕೊಟ್ಟು ಮಾಡಿಸಿಕೊಳ್ಳಬಹುದು.

ದೋಸೆ, ರೊಟ್ಟಿಗೆಂದು ತಟ್ಟೆ ಹಾಕಿಸುವವರು ಅಗಲಕ್ಕಿಂತ ದಪ್ಪಕ್ಕೆ ದುಡ್ಡು ಹಾಕಲಿ. 24ಕ್ಕೆ 18 ಇಂಚಿನ ಕಬ್ಬಿಣದ ತಟ್ಟೆ 3 ಮಿ.ಮೀ. ದಪ್ಪವಿದ್ದರೆ ಆರೂವರೆ ಕೆ.ಜಿ. ತೂಗುತ್ತದೆ, 6 ಮಿ.ಮೀ. ಆದರೆ ಹದಿಮೂರು ಕೆ.ಜಿ. ಹತ್ತಿರ. ತೆಳ್ಳಗಿನದು ಕಾದಾಗ ಡೊಂಕಾಗುತ್ತದೆ, ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಯುತ್ತದೆ. ದಪ್ಪಗಿನದು ಕಾಯಲು ಹೊತ್ತು ತೆಗೆದುಕೊಂಡರೂ ಹಿಟ್ಟು ಬಿದ್ದಾಗ ಕಾವು ಕಳೆದುಕೊಳ್ಳುವುದಿಲ್ಲ. ತಟ್ಟೆ ಅಗಲವಾದಷ್ಟೂ ದಪ್ಪ ಬೇಕು, ದಪ್ಪವಾದಷ್ಟೂ ಭಾರ. ಅದನ್ನು ಎತ್ತಿ ತೊಳೆಯುವ ಮನೆಯಾಕೆಯನ್ನೂ ಒಂದು ಮಾತು ಕೇಳಿ ಅಳತೆ ಹೇಳಿ.

ತಪ್ಪು ಕಲ್ಪನೆ 8: ಬಯಲು ತಾನೆ, ಎಲ್ಲಿಟ್ಟರೂ ಆಯಿತು.

ವಾಸ್ತವ: ಬಯಲಿಗೂ ಒಂದು ಅಳತೆ ಇದೆ. ಗ್ರಿಲ್ ಎರಡು ಅಡಿಯದಾದರೆ ಅದರ ಎರಡೂ ಬದಿ ಒಂದೂವರೆ ಅಡಿಯ ಕಟ್ಟೆ ಬೇಕು, ಹಸಿ ಸಾಮಾನು ಒಂದು ಕಡೆ, ಬೆಂದದ್ದು ಇನ್ನೊಂದು ಕಡೆ. ಹಸಿ ಮಾಂಸ ಇಟ್ಟ ತಟ್ಟೆಯಲ್ಲೇ ಬೆಂದದ್ದನ್ನು ಹಾಕಿದರೆ ಹೊಟ್ಟೆ ಕೆಡುತ್ತದೆ. ಮುಂದೆ ನಿಂತು ಬಗ್ಗಲು, ಹಿಂದೆ ಒಬ್ಬರು ಹಾದುಹೋಗಲು ನಾಲ್ಕು ಅಡಿಯಾದರೂ ಇರಲಿ. ಅಂದರೆ ಎರಡಡಿಯ ಗ್ರಿಲ್ ಅಂದರೂ ಐದಡಿ ಉದ್ದದ ಕಟ್ಟೆ. ಮೂರಡಿಯ ಗ್ರಿಲ್ ತಂದು ಅದೇ ಐದಡಿಯಲ್ಲಿ ತುರುಕಿದರೆ ಪಾತ್ರೆ ಇಡಲು ಒಂದೊಂದಡಿಯೇ ಉಳಿಯುತ್ತದೆ. ನಿಂತು ಮಾಡುವ ಅಡುಗೆಗೆ ಕಟ್ಟೆ 32ರಿಂದ 34 ಇಂಚು ಎತ್ತರವಿದ್ದರೆ ಬೆನ್ನಿಗೆ ಹಿತ, ಕೂತು ರೊಟ್ಟಿ ಬಡಿಯುವವರಿಗೆ ಒಲೆ ನೆಲದಲ್ಲೇ ಇರಲಿ. ಎರಡನ್ನೂ ಒಂದೇ ಎತ್ತರಕ್ಕೆ ತರಲು ಹೋದರೆ ಇಬ್ಬರಿಗೂ ಕಷ್ಟ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೀಸುವುದು ಪಡುವಣ ಗಾಳಿ. ಪಶ್ಚಿಮಕ್ಕೆ ಬಾಯಿ ತೆರೆದ ಒಲೆಯಲ್ಲಿ ಉರಿ ನಿಲ್ಲುವುದಿಲ್ಲ. ಗಾಳಿ ಬರುವ ದಿಕ್ಕಿಗೆ ಎದೆಮಟ್ಟದ ಗೋಡೆ ಕಟ್ಟಿ. ಹೊಗೆ ಮನೆಯ ಕಿಟಕಿಗೆ ನುಗ್ಗದಂತೆ ಒಲೆಯನ್ನು ಮನೆಯ ಪೂರ್ವಕ್ಕೋ ಉತ್ತರಕ್ಕೋ ತನ್ನಿ. ಹುಲ್ಲಿನ ಬಣವೆ, ಒಣಗಿದ ಕಬ್ಬಿನ ರವದಿ, ಅಡಿಕೆ ಸೋಗೆಯ ಚಪ್ಪರ ಇವುಗಳ ಹತ್ತಿರ ಕೆಂಡದ ಒಲೆ ಸುಳಿಯಲೂಬಾರದು. ಒಲೆ ದೊಡ್ಡದಾದಷ್ಟೂ ಕಿಡಿ ದೂರ ಹಾರುತ್ತದೆ ಎಂಬುದನ್ನು ಅಳತೆ ಹೇಳುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆ ಬಂತೆಂದು ಉರಿಯುವ ಇದ್ದಿಲಿನ ಗ್ರಿಲ್ಲನ್ನು ಕೋಣೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುವುದು ಪ್ರಾಣಕ್ಕೇ ಕುತ್ತು. ಇದ್ದಿಲು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ.

ಹಾಗಾದರೆ ಏನು ತರಬೇಕು?

ಐದಾರು ಜನರ ಮನೆ, ತಿಂಗಳಿಗೆರಡು ಸಲ ನೆಂಟರು ಎಂಬ ಲೆಕ್ಕಕ್ಕೆ 24ಕ್ಕೆ 18 ಇಂಚಿನ ಇದ್ದಿಲಿನ ಜಾಲರಿ ಅಥವಾ ಮುಚ್ಚಳವಿರುವ ಎರಡು, ಮೂರು ಬರ್ನರಿನ ಗ್ಯಾಸ್ ಗ್ರಿಲ್. ಪಕ್ಕದಲ್ಲಿ ಮನೆಯ ಪಾತ್ರೆಗೆ ಅಳೆದು ಕಟ್ಟಿದ ಕೋಡೊಲೆ. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಹತ್ತು ಹನ್ನೆರಡು ಜನರ ಮನೆಯಾದರೆ ದೊಡ್ಡದೊಂದರ ಬದಲು ಇದೇ ಅಳತೆಯ ಎರಡು ಜಾಲರಿ. ಒಂದರಲ್ಲಿ ಮಾಂಸ, ಇನ್ನೊಂದರಲ್ಲಿ ತರಕಾರಿ ಸುಡಬಹುದು, ಜನ ಕಡಿಮೆ ಇದ್ದ ದಿನ ಒಂದನ್ನೇ ಹಚ್ಚಿದರೂ ನಡೆಯುತ್ತದೆ. ಮಾಂಸ ತಿನ್ನುವವರೂ ತಿನ್ನದವರೂ ಒಟ್ಟಿಗೆ ಸೇರುವ ಮನೆಗಳಲ್ಲಿ ಈ ಎರಡು ಜಾಲರಿಯ ಏರ್ಪಾಟು ಎಷ್ಟೋ ಮುಜುಗರವನ್ನೂ ತಪ್ಪಿಸುತ್ತದೆ.

ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಒಲೆ ಬರುವ ಜಾಗದಲ್ಲಿ ರಂಗೋಲಿ ಪುಡಿಯಿಂದ ಗ್ರಿಲ್ಲಿನ ಅಳತೆ ಎಳೆಯಿರಿ, ಪಕ್ಕದ ಕಟ್ಟೆಯನ್ನೂ ಎಳೆಯಿರಿ. ಅದರೊಳಗೆ ನಿಮ್ಮ ಪಾತ್ರೆ, ತಟ್ಟೆ, ನಾಲ್ಕು ತೆನೆ ಇಟ್ಟು ನೋಡಿ. ಮೂರನೇ ಒಂದು ಪಾಲು ಖಾಲಿ ಉಳಿದು, ನಿಂತವರಿಗೆ ಎರಡೂ ಬದಿ ಕೈಗೆಟುಕಿದರೆ ಅದೇ ಅಳತೆಯನ್ನು ಚೀಟಿಯಲ್ಲಿ ಬರೆದು ವೆಲ್ಡಿಂಗ್ ಅಂಗಡಿಗೆ ಕೊಡಿ.